ವ್ರತವೂ ಉಳಿಯಲಿ, ಬಲವೂ ಉಳಿಯಲಿ: ಅಮೈನೊ ಆಮ್ಲಗಳು, ಸ್ನಾಯುಗಳು ಮತ್ತು ನಮ್ಮ ತಟ್ಟೆ

ಗದಗ ಪಕ್ಕದ ಬಿಂಕದಕಟ್ಟಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಪ್ರಾಣಿಸಂಗ್ರಹಾಲಯ. ನನಗೆ ನೆನಪಾಗುವುದು ಸೋದರತ್ತೆಯ ಮನೆ. ಎರೆ ಭೂಮಿಯ ಒಕ್ಕಲುತನ, ಹಿಂಗಾರಿಗೆ ಜೋಳ ಮತ್ತು ಕಡಲೆ, ಮುಂಗಾರಿಗೆ ಹೆಸರು. ಅತ್ತೆಗೆ ಈಗ 72 ವರ್ಷ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟುವುದಿಲ್ಲ. ಅಷ್ಟಮಿ, ಚತುರ್ದಶಿಗೆ ಏಕಭುಕ್ತ. ಚಾತುರ್ಮಾಸದಲ್ಲಿ ಒಂದೊಂದು ರಸವನ್ನು ಬಿಡುತ್ತಾರೆ. 2018ರ ಮಹಾಮಸ್ತಕಾಭಿಷೇಕದ ವರ್ಷ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಯಾರ ಕೈಯನ್ನೂ ಹಿಡಿಯದೆ ಹತ್ತಿ ಬಂದವರು.

ಕಳೆದ ಸಲ ಹೋದಾಗ ಅವರು ಜಪ ಮುಗಿಸಿ ಚಾಪೆಯಿಂದ ಏಳಲು ಗೋಡೆಗೆ ಕೈ ಕೊಟ್ಟರು, ಆದರೂ ಏಳಲಾಗಲಿಲ್ಲ. "ನೋವೇನಿಲ್ಲಪಾ, ಕಾಲಾಗ ಕಸುವ ಇಲ್ಲ" ಅಂದರು. ಮನೆಯವರು ವಯಸ್ಸಾಯಿತು ಅಂದರು. ಮೊಮ್ಮಗ ಮಾತ್ರ ಹುಬ್ಬಳ್ಳಿಯಿಂದ ಒಂದು ದೊಡ್ಡ ಡಬ್ಬಿ ಪ್ರೋಟೀನ್ ಪುಡಿ ತಂದಿಟ್ಟಿದ್ದ. "ಇದನ್ನ ನಾವು ತಗೋಬಹುದೇನು? ತಗೊಂಡರ ಕಸುವು ಬರ್ತದೇನು?" ಎಂದು ಅತ್ತೆ ನನ್ನನ್ನು ಕೇಳಿದರು.

ನಮ್ಮ ಸಮಾಜದ ಬಹಳಷ್ಟು ಮನೆಗಳಲ್ಲಿ ಈ ಎರಡು ಪ್ರಶ್ನೆಗಳಿವೆ. ಉತ್ತರ ತಿಳಿಯಲು ಅಮೈನೊ ಆಮ್ಲ ಎಂದರೇನು, ಅದು ಸ್ನಾಯುವನ್ನು ಹೇಗೆ ಕಟ್ಟುತ್ತದೆ ಎಂಬುದನ್ನು ಸ್ವಲ್ಪ ಸಾವಕಾಶವಾಗಿ ನೋಡಬೇಕು. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಯಸ್ಸಾದವರ ಕಸುವು ಕಳೆಯುವುದಕ್ಕೆ ವ್ರತವನ್ನು ದೂರುವುದಕ್ಕಿಂತ ಮೊದಲು, ವ್ರತದ ನಡುವೆ ಉಳಿದ ಒಂದೆರಡು ಊಟಗಳಲ್ಲಿ ತಟ್ಟೆಗೆ ಏನು ಬೀಳುತ್ತಿದೆ ಎಂದು ನೋಡಬೇಕು.

ಇಪ್ಪತ್ತು ಎಳೆಗಳು, ಅವುಗಳಲ್ಲಿ ಒಂಬತ್ತು ಹೊರಗಿನಿಂದಲೇ ಬರಬೇಕು

ನಾವು ತಿನ್ನುವ ಬೇಳೆ, ಹಾಲು, ಜೋಳದಲ್ಲಿರುವ ಪ್ರೋಟೀನ್ ಹಾಗೆಯೇ ಹೋಗಿ ಸ್ನಾಯುವಾಗುವುದಿಲ್ಲ. ಹೊಟ್ಟೆ ಮತ್ತು ಸಣ್ಣ ಕರುಳಿನಲ್ಲಿ ಅದು ಬಿಡಿಬಿಡಿಯಾಗಿ ಅಮೈನೊ ಆಮ್ಲಗಳಾಗುತ್ತದೆ. ಅವು ರಕ್ತಕ್ಕೆ ಸೇರಿ ದೇಹದ ಎಲ್ಲ ಭಾಗಗಳಿಗೂ ಹೋಗುತ್ತವೆ. ಅಲ್ಲಿ ಜೀವಕೋಶಗಳು ತಮಗೆ ಬೇಕಾದ ಪ್ರೋಟೀನನ್ನು ಹೊಸದಾಗಿ ನೇಯ್ದುಕೊಳ್ಳುತ್ತವೆ.

ಬೆಟಗೇರಿಯ ಮಗ್ಗ ನೋಡಿದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಸೀರೆಗೆ ಇಪ್ಪತ್ತು ಬಣ್ಣದ ನೂಲು ಬೇಕು ಎಂದುಕೊಳ್ಳಿ. ಹನ್ನೊಂದು ಬಣ್ಣಗಳನ್ನು ನೇಕಾರ ಮನೆಯಲ್ಲೇ ಅದ್ದಿಕೊಳ್ಳಬಲ್ಲ. ಉಳಿದ ಒಂಬತ್ತನ್ನು ಪೇಟೆಯಿಂದಲೇ ತರಬೇಕು. ಈ ಒಂಬತ್ತರಲ್ಲಿ ಒಂದು ಬಣ್ಣ ಮುಗಿದರೂ, ಮಿಕ್ಕವು ಎಷ್ಟೇ ರಾಶಿ ಬಿದ್ದಿರಲಿ, ನೇಯ್ಗೆ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ದೇಹದ ಪ್ರೋಟೀನ್‌ಗೆ ಬೇಕಾದ 20 ಅಮೈನೊ ಆಮ್ಲಗಳ ಲೆಕ್ಕವೂ ಹೀಗೆಯೇ. ಆಹಾರದಿಂದಲೇ ಬರಬೇಕಾದ ಒಂಬತ್ತು ಇವು: ಹಿಸ್ಟಿಡಿನ್, ಐಸೊಲ್ಯೂಸಿನ್, ಲ್ಯೂಸಿನ್, ಲೈಸಿನ್, ಮಿಥಿಯೊನಿನ್, ಫಿನೈಲಲನಿನ್, ಥ್ರಿಯೊನಿನ್, ಟ್ರಿಪ್ಟೊಫ್ಯಾನ್ ಮತ್ತು ವ್ಯಾಲಿನ್. ಇವುಗಳಿಗೆ ಅವಶ್ಯಕ ಅಮೈನೊ ಆಮ್ಲಗಳು ಎಂದು ಹೆಸರು. ಈ ಲೇಖನದಲ್ಲಿ ಎರಡು ಹೆಸರು ಮಾತ್ರ ನೆನಪಿಟ್ಟುಕೊಂಡರೆ ಸಾಕು: ಲ್ಯೂಸಿನ್ ಮತ್ತು ಲೈಸಿನ್.

ಸ್ನಾಯು ದಿನವೂ ಬಿಚ್ಚುತ್ತದೆ, ದಿನವೂ ನೇಯ್ದುಕೊಳ್ಳುತ್ತದೆ

ಸ್ನಾಯು ಒಮ್ಮೆ ಕಟ್ಟಿದ ಕಲ್ಲುಗೋಡೆಯಂತೆ ನಿಂತೇ ಇರುವುದಿಲ್ಲ. ಅದರಲ್ಲಿನ ಪ್ರೋಟೀನ್ ದಿನಕ್ಕೆ ಶೇ. 1ರಿಂದ 2ರಷ್ಟು ಬಿಚ್ಚಿಹೋಗಿ ಅಷ್ಟೇ ಹೊಸದು ಕೂಡುತ್ತಿರುತ್ತದೆ. ಇಡೀ ದೇಹದ ಲೆಕ್ಕ ತೆಗೆದರೆ ವಯಸ್ಕರಲ್ಲಿ ದಿನಕ್ಕೆ ಸುಮಾರು 250ರಿಂದ 300 ಗ್ರಾಂ ಪ್ರೋಟೀನ್ ಹೀಗೆ ಹಳತು ಹೋಗಿ ಹೊಸದಾಗುತ್ತದೆ. ಬಿಚ್ಚಿದ ಅಮೈನೊ ಆಮ್ಲಗಳಲ್ಲಿ ಬಹುಪಾಲು ಮತ್ತೆ ಬಳಕೆಯಾಗುತ್ತವೆ, ಒಂದಿಷ್ಟು ಮಾತ್ರ ಖರ್ಚಾಗುತ್ತವೆ. ಆ ಖರ್ಚನ್ನು ತುಂಬಿಕೊಡುವುದು ಊಟ.

ಊಟವಾದ ನಂತರ ಕೆಲವು ಗಂಟೆ ಕಟ್ಟುವ ಕೆಲಸ ಮುಂದಿರುತ್ತದೆ. ಹೊಟ್ಟೆ ಖಾಲಿಯಾದ ಮೇಲೆ ಬಿಚ್ಚುವ ಕೆಲಸ ಮುಂದಾಗುತ್ತದೆ. ಆಗ ಸ್ನಾಯು ತನ್ನ ಅಮೈನೊ ಆಮ್ಲಗಳನ್ನು ಬಿಟ್ಟುಕೊಡುತ್ತದೆ. ಅವುಗಳಲ್ಲಿ ಕೆಲವು, ಮುಖ್ಯವಾಗಿ ಅಲನಿನ್, ಯಕೃತ್ತಿಗೆ ಹೋಗಿ ಸಕ್ಕರೆಯಾಗುತ್ತವೆ. ಉಪವಾಸದಲ್ಲಿಯೂ ಮೆದುಳಿಗೆ ಸಕ್ಕರೆ ತಪ್ಪದಿರುವುದಕ್ಕೆ ಇದೂ ಒಂದು ಕಾರಣ. ಅಂದರೆ ಉಪವಾಸದ ದಿನ ನಮ್ಮನ್ನು ಕಾಯುವುದರಲ್ಲಿ ಸ್ನಾಯುವಿನ ಪಾಲೂ ಇದೆ. ಮರುದಿನ ಆ ಸಾಲವನ್ನು ತೀರಿಸಬೇಕಷ್ಟೇ. ಯೌವನದಲ್ಲಿ ಅದು ತಾನಾಗಿ ತೀರುತ್ತದೆ. ಎಪ್ಪತ್ತರಲ್ಲಿ ತೀರುವುದಿಲ್ಲ, ಅದಕ್ಕೆ ಕಾರಣವನ್ನು ಮುಂದೆ ಹೇಳುತ್ತೇನೆ.

ಲ್ಯೂಸಿನ್ ಕೂಗಿದರೆ ಕೆಲಸ ಶುರು

ಒಂಬತ್ತು ಅಮೈನೊ ಆಮ್ಲಗಳಲ್ಲಿ ಲ್ಯೂಸಿನ್‌ಗೆ ಎರಡು ಕೆಲಸ. ಒಂದು, ಉಳಿದವುಗಳಂತೆ ತಾನೂ ನೂಲಾಗುವುದು. ಇನ್ನೊಂದು, "ಸಾಮಾನು ಬಂದಿದೆ, ಮಗ್ಗ ಶುರು ಮಾಡಿ" ಎಂದು ಜೀವಕೋಶಕ್ಕೆ ತಿಳಿಸುವುದು.

ಜೀವಕೋಶದೊಳಗೆ ಎಂಟಾರ್ ಎಂಬ ಪ್ರೋಟೀನ್ ಮತ್ತು ಅದರ ಸಂಗಾತಿಗಳ ಒಂದು ಗುಂಪಿದೆ. ಪ್ರೋಟೀನ್ ಕಟ್ಟುವ ಕೆಲಸಕ್ಕೆ ಅಪ್ಪಣೆ ಕೊಡುವುದು ಇದೇ. ಲ್ಯೂಸಿನ್ ಇಲ್ಲದಾಗ ಸೆಸ್ಟ್ರಿನ್-2 ಎಂಬ ಇನ್ನೊಂದು ಪ್ರೋಟೀನ್ ಈ ಗುಂಪನ್ನು ತಡೆದು ಹಿಡಿದಿರುತ್ತದೆ. ಲ್ಯೂಸಿನ್ ಬಂದು ಅಂಟಿಕೊಂಡ ಕೂಡಲೇ ಸೆಸ್ಟ್ರಿನ್-2 ತಡೆ ಬಿಡುತ್ತದೆ, ಎಂಟಾರ್ ಎಚ್ಚರಗೊಳ್ಳುತ್ತದೆ. ಸೆಸ್ಟ್ರಿನ್-2 ಲ್ಯೂಸಿನ್ ಅನ್ನು ಹೀಗೆ ಗುರುತಿಸುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕರು 2015–16ರಲ್ಲಿ ತೋರಿಸಿದರು.

ಹಾಗಾದರೆ ಲ್ಯೂಸಿನ್ ಒಂದನ್ನೇ ನುಂಗಿದರೆ ಸಾಲದೆ? ಸಾಲದು. ಕೂಗು ಕೇಳಿ ನೇಕಾರ ಮಗ್ಗದ ಮುಂದೆ ಕುಳಿತರೂ ನೂಲಿಲ್ಲದಿದ್ದರೆ ಏನು ನೇಯುತ್ತಾನೆ? ಉಳಿದ ಎಂಟೂ ಬೇಕು. ಜಿಮ್‌ಗಳಲ್ಲಿ ಮಾರುವ 'ಬಿಸಿಎಎ' ಪುಡಿಗಳಲ್ಲಿ ಇರುವುದು ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಮೂರೇ. ಉಳಿದ ಆರನ್ನು ದೇಹ ತನ್ನ ಸ್ನಾಯುವನ್ನೇ ಬಿಚ್ಚಿ ಒದಗಿಸಬೇಕಾಗುತ್ತದೆ. ಆದ್ದರಿಂದ ಸರಿಯಾದ ಊಟಕ್ಕೆ ಆ ಪುಡಿ ಬದಲಿಯಲ್ಲ.

ಎಪ್ಪತ್ತರ ಸ್ನಾಯುವಿಗೆ ಕಿವಿ ಮಂದ

ವಯಸ್ಸಾದಂತೆ ಸ್ನಾಯುವಿಗೆ ಲ್ಯೂಸಿನ್‌ನ ಕೂಗು ಸಣ್ಣಗೆ ಕೇಳತೊಡಗುತ್ತದೆ. ಇಪ್ಪತ್ತೈದರ ಹುಡುಗನಿಗೆ ಒಂದು ಊಟದಲ್ಲಿ ದೇಹದ ತೂಕದ ಕಿಲೋ ಒಂದಕ್ಕೆ ಸುಮಾರು 0.24 ಗ್ರಾಂ ಉತ್ತಮ ಪ್ರೋಟೀನ್ ಸಿಕ್ಕರೆ ಕಟ್ಟುವ ಕೆಲಸ ಪೂರ್ತಿ ವೇಗಕ್ಕೆ ಬರುತ್ತದೆ. ಎಪ್ಪತ್ತರವರಿಗೆ ಅದೇ ವೇಗಕ್ಕೆ ಸುಮಾರು 0.4 ಗ್ರಾಂ ಬೇಕು. ಇದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಲೆಕ್ಕ. 50 ಕಿಲೋ ತೂಗುವ ಅಜ್ಜಿಗೆ ಒಂದು ಊಟಕ್ಕೆ 20 ಗ್ರಾಂ ಆಯಿತು. ಲ್ಯೂಸಿನ್ ಲೆಕ್ಕದಲ್ಲಿ ಹೇಳುವುದಾದರೆ ವಯಸ್ಸಾದವರಿಗೆ ಊಟಕ್ಕೆ ಸುಮಾರು ಎರಡೂವರೆಯಿಂದ ಮೂರು ಗ್ರಾಂ ಎಂದು ಹಲವು ತಜ್ಞರು ಹೇಳುತ್ತಾರೆ. ಇದನ್ನು ಗೆರೆ ಕೊರೆದ ಮಿತಿ ಎಂದು ತಿಳಿಯದೆ ಅಂದಾಜು ಎಂದು ತಿಳಿಯಬೇಕು.

ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುವುಮುರುವು. ಹೆಚ್ಚು ಬೇಕಾದವರ ತಟ್ಟೆಯೇ ಸಣ್ಣದಾಗುತ್ತಾ ಹೋಗುತ್ತದೆ. ಹಲ್ಲಿಲ್ಲ ಎಂದು ರೊಟ್ಟಿ ಬಿಡುತ್ತಾರೆ, ವಾಯು ಎಂದು ಕಾಳು ಬಿಡುತ್ತಾರೆ. ಕಡೆಗೆ ಉಳಿಯುವುದು ಮೆತ್ತಗಿನ ಅನ್ನ, ತಿಳಿಸಾರು, ಚಹಾದಲ್ಲಿ ಅದ್ದಿದ ಬಿಸ್ಕತ್ತು.

ಸ್ನಾಯು ಹೀಗೆ ಕರಗಿ ಬಲ ಕುಗ್ಗುವುದಕ್ಕೆ ವೈದ್ಯರು ಸಾರ್ಕೊಪೀನಿಯಾ ಎನ್ನುತ್ತಾರೆ. ಈ ಹೆಸರನ್ನು ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಸೂಚಿಸಿದರು. ಬಿದ್ದು ಸೊಂಟ ಮುರಿಯುವುದು, ಜ್ವರದಿಂದ ಮಲಗಿದವರು ಮತ್ತೆ ನಡೆಯಲಾರದೆ ಹೋಗುವುದು, ಇವುಗಳ ಹಿಂದೆ ಬಹಳ ಸಲ ಇದು ಇರುತ್ತದೆ. ಆರೋಗ್ಯವಂತ ಹಿರಿಯರನ್ನು ಕೇವಲ 10 ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದ ಒಂದು ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಕೊಬ್ಬಿಲ್ಲದ ತೂಕ ಇಳಿದಿತ್ತು.

ಜೋಳದಲ್ಲಿ ಏನಿದೆ, ಏನಿಲ್ಲ

ಈಗ ನಮ್ಮ ತಟ್ಟೆಗೆ ಬರೋಣ. ಜೋಳದ ಪ್ರೋಟೀನ್‌ನಲ್ಲಿ ಲ್ಯೂಸಿನ್ ಧಾರಾಳವಾಗಿದೆ. ಅದರ 100 ಗ್ರಾಂ ಪ್ರೋಟೀನ್‌ನಲ್ಲಿ ಸುಮಾರು 12 ಗ್ರಾಂ ಲ್ಯೂಸಿನ್. ಹಾಲಿಗಿಂತಲೂ ಇದು ಹೆಚ್ಚು. ಎಷ್ಟು ಹೆಚ್ಚೆಂದರೆ, ಹೈದರಾಬಾದಿನ ಪೌಷ್ಟಿಕಾಂಶ ಸಂಶೋಧನಾಲಯದ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಟಯ್ಯ 1960ರಲ್ಲಿ ಅದರ ಬಗ್ಗೆ ಬೇರೆಯೇ ಶಂಕೆ ಎತ್ತಿದ್ದರು. ದಖ್ಖನ್ನಿನ ಬಡ ಜೋಳದೂಟದವರಲ್ಲಿ ಪೆಲಾಗ್ರಾ ಎಂಬ ಚರ್ಮರೋಗ ಕಾಣುವುದಕ್ಕೆ ಅತಿಯಾದ ಲ್ಯೂಸಿನ್ ಕಾರಣವಿರಬಹುದು ಎಂಬುದು ಅವರ ವಾದ. ಆ ವಾದದ ಬಗ್ಗೆ ಮುಂದೆ ಬಹಳ ಚರ್ಚೆ ನಡೆಯಿತು, ಎಲ್ಲರೂ ಒಪ್ಪಲಿಲ್ಲ. ನಮಗೆ ಇಲ್ಲಿ ಮುಖ್ಯವಾದ ಪಾಠ ಇಷ್ಟು: ಒಂದೇ ಧಾನ್ಯವನ್ನು ನಂಬಿ ಬದುಕಿದರೆ ಏನೋ ಒಂದು ಕೊರತೆ ಬಂದೇ ಬರುತ್ತದೆ.

ಜೋಳದ ದೊಡ್ಡ ಕೊರತೆ ಲೈಸಿನ್. ವಯಸ್ಕರ ಆಹಾರದ 100 ಗ್ರಾಂ ಪ್ರೋಟೀನ್‌ನಲ್ಲಿ ನಾಲ್ಕೂವರೆ ಗ್ರಾಂ ಲೈಸಿನ್ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ಜೋಳದಲ್ಲಿರುವುದು ಎರಡು ಗ್ರಾಮಿಗೆ ತುಸು ಹೆಚ್ಚು, ಅಂದರೆ ಬೇಕಾದುದರ ಅರ್ಧ. ಕೂಗು ಜೋರಾಗಿದೆ, ಆದರೆ ಒಂದು ಬಣ್ಣದ ನೂಲು ಅರ್ಧಕ್ಕೇ ಮುಗಿದಿದೆ. ಮೇಲಾಗಿ ಜೋಳದ ಪ್ರೋಟೀನ್ ಬೇಯಿಸಿದ ಮೇಲೆ ಸ್ವಲ್ಪ ಕಷ್ಟದಿಂದ ಜೀರ್ಣವಾಗುತ್ತದೆ.

ಬೇಳೆಕಾಳುಗಳ ಕಥೆ ಬೇರೆ. ಹೆಸರು, ಕಡಲೆ, ತೊಗರಿ, ಮಡಿಕೆ, ಅಲಸಂದಿ, ಹುರುಳಿ ಇವೆಲ್ಲವುಗಳ ಪ್ರೋಟೀನ್‌ನಲ್ಲಿ ಲೈಸಿನ್ ಆರೇಳು ಗ್ರಾಂ ಇರುತ್ತದೆ. ಅವುಗಳಲ್ಲಿ ಮಿಥಿಯೊನಿನ್ ಕಡಿಮೆ, ಅದನ್ನು ಜೋಳ ತುಂಬುತ್ತದೆ. ನಮ್ಮ ಭಾಗದ ಹಿರಿಯರು ರೊಟ್ಟಿಯ ಜೊತೆ ಹೆಸರುಕಾಳು ಪಲ್ಯವನ್ನೋ ಝುಣಕವನ್ನೋ ಇಟ್ಟದ್ದು ರುಚಿಗಾಗಿಯೇ ಇರಬಹುದು. ಆದರೆ ಅಮೈನೊ ಆಮ್ಲಗಳ ಲೆಕ್ಕವೂ ಅದರಲ್ಲಿ ಸರಿಹೋಗಿದೆ. ಗದಗಿನ ಪಕ್ಕದ ಅಣ್ಣಿಗೇರಿಯ ಹೆಸರು ಹೊತ್ತ 'ಅಣ್ಣಿಗೇರಿ-1' ಕಡಲೆ ತಳಿಯನ್ನು ನಮ್ಮ ರೈತರು ದಶಕಗಳಿಂದ ಬೆಳೆಯುತ್ತಿದ್ದಾರೆ. ಬೇಕಾದುದು ಹೊಲದಲ್ಲೇ ಇದೆ. ತಟ್ಟೆಗೆ ಬೀಳುವ ಪ್ರಮಾಣ ಸಾಲದು, ಅಷ್ಟೇ.

ಎರಡು ತಟ್ಟೆಗಳ ಲೆಕ್ಕ

ಅತ್ತೆಯ ಮಧ್ಯಾಹ್ನದ ಊಟವನ್ನು ಕಾಗದದ ಮೇಲೆ ಬರೆದು ನೋಡಿದೆವು. 60 ಗ್ರಾಂ ಅಕ್ಕಿಯ ಅನ್ನದಲ್ಲಿ ಪ್ರೋಟೀನ್ ಐದು ಗ್ರಾಮಿಗಿಂತ ಕಡಿಮೆ. ತಿಳಿಸಾರಿನಲ್ಲಿ ಹತ್ತು ಗ್ರಾಂ ಬೇಳೆ ಇದೆ ಎಂದರೂ ಎರಡು ಗ್ರಾಂ. ಒಟ್ಟು ಏಳು ಗ್ರಾಂ. ಲ್ಯೂಸಿನ್ ಅರ್ಧ ಗ್ರಾಮಿಗೆ ತುಸು ಹೆಚ್ಚು. ಎಪ್ಪತ್ತರ ಸ್ನಾಯುವಿಗೆ ಈ ದನಿ ಕೇಳಿಸುವುದೇ ಕಷ್ಟ.

ಇದರ ಬದಲು ಈ ತಟ್ಟೆ ನೋಡಿ. ಎಲ್ಲ ಅಂಕಿಗಳೂ ಸುಮಾರು ಲೆಕ್ಕ, ತೂಕ ಬೇಯಿಸುವುದಕ್ಕೆ ಮೊದಲಿನದು.

– ಎರಡು ಜೋಳದ ರೊಟ್ಟಿ (ಹಿಟ್ಟು 100 ಗ್ರಾಂ): ಪ್ರೋಟೀನ್ 10 ಗ್ರಾಂ, ಲ್ಯೂಸಿನ್ 1.2 ಗ್ರಾಂ
– ಹೆಸರುಕಾಳು ಪಲ್ಯ (ಕಾಳು 40 ಗ್ರಾಂ): ಪ್ರೋಟೀನ್ 9 ಗ್ರಾಂ, ಲ್ಯೂಸಿನ್ 0.7 ಗ್ರಾಂ
– ಶೇಂಗಾ ಹಿಂಡಿ (ಶೇಂಗಾ 15 ಗ್ರಾಂ): ಪ್ರೋಟೀನ್ 3.5 ಗ್ರಾಂ, ಲ್ಯೂಸಿನ್ 0.2 ಗ್ರಾಂ

ಒಟ್ಟು ಪ್ರೋಟೀನ್ 22 ಗ್ರಾಮಿಗಿಂತ ಹೆಚ್ಚು, ಲ್ಯೂಸಿನ್ ಎರಡು ಗ್ರಾಂ ದಾಟಿತು. ರೊಟ್ಟಿ ಒಂದನ್ನೇ ತಿಂದಾಗ ಅರ್ಧಕ್ಕೆ ನಿಂತಿದ್ದ ಲೈಸಿನ್ ಮಟ್ಟ ಈಗ 100 ಗ್ರಾಂ ಪ್ರೋಟೀನ್‌ಗೆ ನಾಲ್ಕು ಗ್ರಾಂ ಮೀರಿ ಮಾನದಂಡದ ಹತ್ತಿರ ಬಂತು. ಇದರಲ್ಲಿ ಗಡ್ಡೆಗೆಣಸಿಲ್ಲ, ಉಳ್ಳಾಗಡ್ಡಿ, ಬೆಳ್ಳುಳ್ಳಿಯೂ ಇಲ್ಲ. ಹಲ್ಲಿಲ್ಲದವರು ರೊಟ್ಟಿಯನ್ನು ಬಿಸಿ ಬೇಳೆಯಲ್ಲಿ ನೆನೆಸಿಕೊಳ್ಳಬಹುದು. ಹೆಸರುಕಾಳಿನ ಬದಲು ಗಟ್ಟಿಯಾಗಿ ಕುದಿಸಿದ ಹೆಸರುಬೇಳೆ ಮಾಡಿದರೆ ಹೊಟ್ಟೆಗೂ ಹಗುರ.

ದಿನಕ್ಕೆ ಒಟ್ಟು ಎಷ್ಟು ಬೇಕು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ವಯಸ್ಕರಿಗೆ ತೂಕದ ಕಿಲೋ ಒಂದಕ್ಕೆ 0.83 ಗ್ರಾಂ ಪ್ರೋಟೀನ್. 65 ದಾಟಿದವರಿಗೆ 1ರಿಂದ 1.2 ಗ್ರಾಂ ಬೇಕೆಂದು 2013ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪೊಂದು ಹೇಳಿತು. 50 ಕಿಲೋದವರಿಗೆ ಇದು 50ರಿಂದ 60 ಗ್ರಾಂ. ಬೆಳಿಗ್ಗೆ ಒಂದು ದೊಡ್ಡ ಲೋಟ ಕಾಯಿಸಿದ ಹಾಲು, ಒಂದು ರೊಟ್ಟಿ, ಒಂದು ಹಿಡಿ ಹುರಿದ ಶೇಂಗಾ. ಮಧ್ಯಾಹ್ನ ಮೇಲಿನ ತಟ್ಟೆ. ಸೂರ್ಯಾಸ್ತಕ್ಕೆ ಮುಂಚೆ ಒಂದು ರೊಟ್ಟಿ, 40 ಗ್ರಾಂ ಕಡಲೆಹಿಟ್ಟಿನ ಝುಣಕ, ಸ್ವಲ್ಪ ಹಿಂಡಿ. ಇಷ್ಟಾದರೆ 55 ಗ್ರಾಂ ದಾಟುತ್ತದೆ.

ಮಾಂಸವಿಲ್ಲದೆ ಸ್ನಾಯು ಬೆಳೆಯದು ಎಂಬ ಮಾತನ್ನು ನಮ್ಮ ಹುಡುಗರು ಜಿಮ್‌ಗಳಲ್ಲಿ ಕೇಳಿಬರುತ್ತಾರೆ. ಬ್ರೆಜಿಲ್‌ನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದನ್ನು ನೇರವಾಗಿ ಪರೀಕ್ಷಿಸಿತು. ಹಾಲನ್ನೂ ಮುಟ್ಟದ ಸಸ್ಯಾಹಾರಿ ಯುವಕರು ಮತ್ತು ಮಾಂಸಾಹಾರಿ ಯುವಕರು 12 ವಾರ ಒಂದೇ ರೀತಿಯ ವ್ಯಾಯಾಮ ಮಾಡಿದರು. ಇಬ್ಬರಿಗೂ ದಿನಕ್ಕೆ ಕಿಲೋ ಒಂದಕ್ಕೆ 1.6 ಗ್ರಾಂ ಪ್ರೋಟೀನ್ ಸಿಗುವಂತೆ ನೋಡಿಕೊಂಡರು. ಕೊನೆಗೆ ಇಬ್ಬರ ಸ್ನಾಯುವೂ ಬಲವೂ ಒಂದೇ ಸಮ ಬೆಳೆದಿದ್ದವು. ಪ್ರಮಾಣ ಸರಿಯಿದ್ದರೆ ಅಹಿಂಸೆಯ ಆಹಾರದಿಂದ ಸ್ನಾಯುವಿಗೆ ನಷ್ಟವಿಲ್ಲ.

ನಮ್ಮ ನಿಯಮಗಳೊಳಗೇ ಹೇಗೆ?

ಪೇಟೆಯ ಆಹಾರತಜ್ಞರ ಸಲಹೆಗಳು ಕೆಲವು ಸಲ ನಮ್ಮ ಅಡುಗೆಮನೆಗೆ ಹೊಂದುವುದಿಲ್ಲ. ಅದಕ್ಕಾಗಿ ಒಂದೊಂದನ್ನೂ ಬೇರೆ ನೋಡೋಣ.

ದ್ವಿದಳ: ಹಸಿ ಹಾಲು, ಮೊಸರು, ಮಜ್ಜಿಗೆಯ ಜೊತೆ ದ್ವಿದಳ ಧಾನ್ಯ ಸೇರಿಸಬಾರದು ಎಂಬ ನಿಯಮ ಪಾಲಿಸುವವರಿಗೆ ಬೇಳೆಯೂ ಮೊಸರೂ ಒಂದೇ ಊಟದಲ್ಲಿ ಬರುವುದಿಲ್ಲ. ಚಿಂತೆಯಿಲ್ಲ. ಅಮೈನೊ ಆಮ್ಲಗಳು ಒಂದೇ ತುತ್ತಿನಲ್ಲಿ ಕೂಡಬೇಕೆಂದಿಲ್ಲ, ದಿನದ ಊಟಗಳಲ್ಲಿ ಒಂದನ್ನೊಂದು ತುಂಬಿದರೆ ಸಾಕು. ಬೆಳಿಗ್ಗೆ ಹಾಲು, ಮಧ್ಯಾಹ್ನ ಬೇಳೆ ಎಂದು ಹಂಚಿಕೊಳ್ಳಿ. ನಿಯಮದ ವಿವರ ಸಂಪ್ರದಾಯದಿಂದ ಸಂಪ್ರದಾಯಕ್ಕೆ ಬೇರೆಯಾಗುವುದರಿಂದ ನಿಮ್ಮ ಗುರುಗಳು ಹೇಳಿದಂತೆ ನಡೆಯಿರಿ.

ಮೊಳಕೆ ಕಾಳು: ಮೊಳಕೆಯಲ್ಲಿ ಅನಂತಕಾಯ ಜೀವಗಳಿವೆ ಎಂದು ಬಿಡುವವರು ಅನೇಕರು. ಮೊಳಕೆ ಬಂದರೆ ಕಾಳಿನ ಪ್ರೋಟೀನ್ ಪ್ರಮಾಣ ಹೇಳಿಕೊಳ್ಳುವಷ್ಟು ಹೆಚ್ಚುವುದಿಲ್ಲ. ಚೆನ್ನಾಗಿ ಬೇಯಿಸಿದ ಕಾಳು ಸಾಕು.

ರಸತ್ಯಾಗ: ಹಾಲು, ಮೊಸರು ಬಿಟ್ಟ ತಿಂಗಳಲ್ಲಿ ಒಳ್ಳೆಯ ಲೈಸಿನ್ ಮೂಲವೊಂದು ಹೋಗುತ್ತದೆ. ಆ ತಿಂಗಳು ಬೇಳೆಯ ಪ್ರಮಾಣವನ್ನು ಹೆಚ್ಚಿಸಬೇಕು. ಹಾಲನ್ನು ಪೂರ್ತಿ ಬಿಟ್ಟವರಿಗೆ ಸೋಯಾ ಉತ್ತಮ ಆಸರೆ. 100 ಗ್ರಾಂ ಸೋಯಾ ಕಾಳಿನಲ್ಲಿ ಪ್ರೋಟೀನ್ 35 ಗ್ರಾಮಿಗಿಂತ ಹೆಚ್ಚು.

ಏಕಭುಕ್ತ: ಒಂದೇ ಊಟದಲ್ಲಿ ದೇಹ ಇಪ್ಪತ್ತೈದು ಮೂವತ್ತು ಗ್ರಾಂ ಪ್ರೋಟೀನ್‌ಗಿಂತ ಹೆಚ್ಚು ಬಳಸಿಕೊಳ್ಳಲಾರದು ಎಂಬ ಮಾತು ಬಹಳ ಕಾಲ ಪ್ರಚಾರದಲ್ಲಿತ್ತು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಇದನ್ನು ಪರೀಕ್ಷಿಸಿದರು. ವ್ಯಾಯಾಮದ ನಂತರ ಕೆಲವರಿಗೆ 25 ಗ್ರಾಂ, ಕೆಲವರಿಗೆ 100 ಗ್ರಾಂ ಹಾಲಿನ ಪ್ರೋಟೀನ್ ಕೊಟ್ಟರು. 100 ಗ್ರಾಂ ತೆಗೆದುಕೊಂಡವರಲ್ಲಿ ಸ್ನಾಯು ಕಟ್ಟುವ ಕೆಲಸ ಹೆಚ್ಚು ಪ್ರಮಾಣದಲ್ಲಿ, 12 ಗಂಟೆಗೂ ಮೀರಿ ನಡೆದಿತ್ತು. ಅದು ಆರೋಗ್ಯವಂತ ಯುವಕರ ಮೇಲೆ ನಡೆದ ಅಧ್ಯಯನ, ಹಿರಿಯರಿಗೆ ಹಾಗೆಯೇ ಅನ್ವಯಿಸಲಾಗದು. ಆದರೂ ಒಪ್ಪತ್ತಿನ ಊಟ ತುಂಬಾ ಇದ್ದರೆ ಅದು ವ್ಯರ್ಥವಾಗುವುದಿಲ್ಲ ಎಂಬ ಭರವಸೆ ಅದರಿಂದ ಸಿಗುತ್ತದೆ. ಆದ್ದರಿಂದ ಒಪ್ಪತ್ತಿನ ದಿನ ಮೊದಲು ಬೇಳೆ, ಕಾಳು, ರೊಟ್ಟಿ, ಅನ್ನ ಆಮೇಲೆ. ಅವಲಕ್ಕಿ, ಸಾಬೂದಾಣಿಯಲ್ಲಿ ಒಪ್ಪತ್ತು ಮುಗಿಸುವುದು ಬೇಡ. ಸಾಬೂದಾಣಿಯಲ್ಲಿ ಪ್ರೋಟೀನ್ ಇಲ್ಲವೆನ್ನುವಷ್ಟು ಕಡಿಮೆ.

ಪಾರಣೆ: ಉಪವಾಸದ ಮರುದಿನ ಹಲವು ಮನೆಗಳಲ್ಲಿ ಹೆಸರುಬೇಳೆಯ ಕಟ್ಟು ಕುಡಿಸುತ್ತಾರೆ. ಒಳ್ಳೆಯ ಪದ್ಧತಿ, ಖಾಲಿ ಹೊಟ್ಟೆಗೆ ಹಿತ. ಆದರೆ ಪ್ರೋಟೀನ್ ಇರುವುದು ಅಡಿಯಲ್ಲಿ ಉಳಿದ ಬೇಳೆಯಲ್ಲಿ. ಮೊದಲು ಕಟ್ಟು, ಒಂದೆರಡು ಗಂಟೆ ಬಿಟ್ಟು ಆ ಬೇಳೆ. ಸಾಲ ತೀರಿಸುವ ದಿನ ಅದೇ.

ಮಹಾವ್ರತಿಗಳ ಚರ್ಯೆಯಾಗಲಿ, ಸಲ್ಲೇಖನದಂತಹ ಕೊನೆಯ ವ್ರತವಾಗಲಿ ಈ ಲೇಖನದ ವಿಷಯವಲ್ಲ. ಇದು ಮನೆಯಲ್ಲಿದ್ದು ಅಣುವ್ರತ ಪಾಲಿಸುವ ಶ್ರಾವಕ–ಶ್ರಾವಿಕೆಯರಿಗಾಗಿ.

ಡಬ್ಬಿ ಕೊಳ್ಳುವ ಮೊದಲು

ಪ್ರೋಟೀನ್ ಪುಡಿ ವಿಷವೂ ಅಲ್ಲ, ಅಮೃತವೂ ಅಲ್ಲ. ಊಟ ಸೇರದವರಿಗೆ, ಕಾಯಿಲೆಯಿಂದ ಎದ್ದವರಿಗೆ ವೈದ್ಯರು ಹೇಳಿದರೆ ಉಪಯೋಗವಿದೆ. ಆದರೆ ನಮ್ಮವರು ಮೂರು ವಿಷಯ ತಿಳಿದಿರಬೇಕು.

ಒಂದು, ವೇ ಪ್ರೋಟೀನ್. ಇದು ಚೀಸ್ ಮಾಡುವಾಗ ಉಳಿಯುವ ಹಾಲಿನ ನೀರಿನಿಂದ ಬರುತ್ತದೆ. ಹಾಲು ಒಡೆಯಲು ಬಳಸುವ ರೆನ್ನೆಟ್ ಕೆಲವು ಕಡೆ ಕರುವಿನ ಹೊಟ್ಟೆಯಿಂದ ತೆಗೆದದ್ದು, ಕೆಲವು ಕಡೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದು. ಯಾವುದು ಎಂದು ಕಂಪನಿಯನ್ನೇ ಕೇಳಬೇಕು.

ಎರಡು, ಕೊಲಾಜೆನ್ ಮತ್ತು ಜೆಲಾಟಿನ್. ಇವು ಪ್ರಾಣಿಗಳ ಚರ್ಮ, ಮೂಳೆಯಿಂದ ಬಂದವು, ನಮಗೆ ವರ್ಜ್ಯ. ಸ್ನಾಯುವಿಗೂ ಇವುಗಳಿಂದ ದೊಡ್ಡ ಲಾಭವಿಲ್ಲ. ಒಂಬತ್ತರಲ್ಲಿ ಟ್ರಿಪ್ಟೊಫ್ಯಾನ್ ಇವುಗಳಲ್ಲಿ ಇಲ್ಲವೇ ಇಲ್ಲ, ಲ್ಯೂಸಿನ್ ಕಡಿಮೆ. ಕೆಲವು ಔಷಧಿ ಕ್ಯಾಪ್ಸೂಲ್‌ಗಳ ಹೊದಿಕೆಯೂ ಜೆಲಾಟಿನ್‌ನದೇ ಎಂಬುದು ನೆನಪಿರಲಿ.

ಮೂರು, ಬಿಡಿ ಲ್ಯೂಸಿನ್ ಮತ್ತು ಬಿಸಿಎಎ. ಹಿಂದೆ ಇವನ್ನು ಹಕ್ಕಿಗಳ ಪುಕ್ಕ, ಕೂದಲಿನಿಂದ ತೆಗೆಯುತ್ತಿದ್ದರು. ಈಗ ಧಾನ್ಯದ ಸಕ್ಕರೆಯನ್ನು ಹುದುಗಿಸಿಯೂ ಮಾಡುತ್ತಾರೆ. ಡಬ್ಬಿಯ ಮೇಲೆ ಹಸಿರು ವೃತ್ತದ ಗುರುತು ನೋಡಿ, ಅದು ಇಲ್ಲದ ಡಬ್ಬಿಯನ್ನು ಮುಟ್ಟಬೇಡಿ. ಹುದುಗಿಸಿ ಮಾಡಿದ್ದೂ ಆಗದು ಎನ್ನುವವರು ಮೂಲವನ್ನು ವಿಚಾರಿಸಿಯೇ ಕೊಳ್ಳಿ.

ಅತ್ತೆಯ ಮನೆಯ ಡಬ್ಬಿಯ ಮೇಲೆ ರೆನ್ನೆಟ್ ಯಾವುದು ಎಂಬ ವಿವರವಿರಲಿಲ್ಲ. ಅದನ್ನು ಹಿಂದಕ್ಕೆ ಕಳುಹಿಸಿದೆವು.

ಊಟ ಅರ್ಧ, ಓಡಾಟ ಇನ್ನರ್ಧ

ಅಮೈನೊ ಆಮ್ಲಗಳು ಬಂದರಷ್ಟೇ ಸಾಲದು, ಸ್ನಾಯುವಿಗೆ ಅವು ಬೇಕೆನಿಸಬೇಕು. ಭಾರ ಹೊರುವ ಕೆಲಸ ಮಾಡಿದ ಮೇಲೆ ಸುಮಾರು ಒಂದು ದಿನ, ಕೆಲವು ಸಲ ಅದಕ್ಕೂ ಹೆಚ್ಚು ಕಾಲ ಸ್ನಾಯು ಊಟಕ್ಕೆ ಚೆನ್ನಾಗಿ ಸ್ಪಂದಿಸುತ್ತದೆ. ಮಂದವಾದ ಕಿವಿ ಮತ್ತೆ ಚುರುಕಾದಂತೆ. ಇದಕ್ಕೆ ಜಿಮ್ ಬೇಕಿಲ್ಲ. ಗಟ್ಟಿಯಾದ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಮೆಟ್ಟಿಲು ಹತ್ತುವುದು. ದಿನ ಬಿಟ್ಟು ದಿನ, ಹಗಲಿನ ಊಟಕ್ಕೆ ಮುಂಚೆ ಮಾಡಿದರೆ ಒಳ್ಳೆಯದು.

ಮನೆಯ ಹಿರಿಯರನ್ನು ಪರೀಕ್ಷಿಸಲು ಎರಡು ಸುಲಭ ದಾರಿಗಳಿವೆ. ಎರಡನ್ನೂ ಏಷ್ಯಾದ ತಜ್ಞರ ಗುಂಪು 2019ರಲ್ಲಿ ಸೂಚಿಸಿತು. ಕೈಗಳನ್ನು ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು 12 ಸೆಕೆಂಡ್ ಅಥವಾ ಹೆಚ್ಚು ಬೇಕಾದರೆ ಗಮನ ಕೊಡಬೇಕು. ಮೀನಖಂಡದ ದಪ್ಪ ಭಾಗದ ಸುತ್ತಳತೆ ಗಂಡಸರಲ್ಲಿ 34, ಹೆಂಗಸರಲ್ಲಿ 33 ಸೆಂಟಿಮೀಟರಿಗಿಂತ ಕಡಿಮೆಯಿದ್ದರೂ ಹಾಗೆಯೇ. ಆಗ ವೈದ್ಯರನ್ನು ಕಾಣಿ. ಬಲ ಕುಗ್ಗಲು ಥೈರಾಯ್ಡ್, ಸಕ್ಕರೆ ಕಾಯಿಲೆ, ಡಿ ಮತ್ತು ಬಿ12 ಜೀವಸತ್ವಗಳ ಕೊರತೆ ಮುಂತಾದ ಬೇರೆ ಕಾರಣಗಳೂ ಇರಬಹುದು.

ಒಂದು ಎಚ್ಚರಿಕೆ. ಮೂತ್ರಪಿಂಡದ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಉಪವಾಸಕ್ಕೆ ಮುಂಚೆ ಔಷಧಿಯ ಪ್ರಮಾಣವನ್ನು ಕೇಳಿಕೊಳ್ಳಲೇಬೇಕು.

ಮನೆಯಲ್ಲೇ ಆಹಾರದಾನ

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಆಹಾರದಾನವನ್ನು ನಾವು ಮೊದಲು ಎಣಿಸುತ್ತೇವೆ. ಮುನಿಗಳ ಆಹಾರಕ್ಕೆ ನಾಲ್ಕು ದಿನ ಮೊದಲೇ ಸಿದ್ಧತೆ ನಡೆಸುವ ಮನೆಯಲ್ಲಿ, ವ್ರತ ಮಾಡುವ ಅಜ್ಜಿಯ ತಟ್ಟೆಗೆ ತಿಳಿಸಾರಿನ ಬದಲು ಗಟ್ಟಿ ಬೇಳೆ ಬಡಿಸುವುದು ದೊಡ್ಡ ಕೆಲಸವಲ್ಲ. ಆ ಬಗ್ಗೆ ಯಾರೂ ಯೋಚಿಸಿರುವುದಿಲ್ಲ, ಅಷ್ಟೇ. ಹಿರಿಯರು ತಾವಾಗಿ ಕೇಳುವವರೂ ಅಲ್ಲ.

ಅತ್ತೆ ಯಾವ ವ್ರತವನ್ನೂ ಬಿಟ್ಟಿಲ್ಲ. ತಟ್ಟೆ ಬದಲಾಗಿದೆ. ರೊಟ್ಟಿ ಮತ್ತೆ ಬಂದಿದೆ, ಬೇಳೆಯಲ್ಲಿ ನೆನೆಸಿಕೊಂಡು ತಿನ್ನುತ್ತಾರೆ. ಸೊಸೆ ಹಿಂಡಿಯನ್ನು ನುಣ್ಣಗೆ ಕುಟ್ಟಿಕೊಡುತ್ತಾಳೆ. ಪಡಸಾಲೆಯ ಕುರ್ಚಿಯಿಂದ ಎದ್ದು ಕೂರುವುದನ್ನು ಮೊಮ್ಮಗ ಎಣಿಸುತ್ತಾನೆ. ನಾಲ್ಕು ತಿಂಗಳಾದ ಮೇಲೆ ಜಪ ಮುಗಿಸಿ ಏಳುವಾಗ ಗೋಡೆ ಬೇಕಾಗುತ್ತದೆ, ಆದರೆ ಇನ್ನೊಬ್ಬರ ಕೈ ಬೇಡ ಎಂದು ಮೊನ್ನೆ ಫೋನಿನಲ್ಲಿ ಹೇಳಿದರು. ಮುಂದಿನ ಮಹಾಮಸ್ತಕಾಭಿಷೇಕ 2030ರಲ್ಲಿ. "ಮೆಟ್ಟಲಾ ಎಲ್ಲಾ ಹತ್ತತೀನೋ ಇಲ್ಲೋ, ನೋಡೂಣು" ಅಂದರು.

ನಿಮ್ಮ ಮನೆಯ ಹಿರಿಯರು ಇಂದು ಮಧ್ಯಾಹ್ನ ಏನು ಉಂಡರು ಎಂದು ಒಮ್ಮೆ ನೋಡಿ.

ಜೈ ಜಿನೇಂದ್ರ.